ರೋಮನ್ ಹಾಸ್ಯನಾಟಕದಲ್ಲಿ ವಾದ್ಯ ಎಲ್ಲಿ ನಿಲ್ಲುತ್ತದೆ, ಎಲ್ಲಿ ಮೊದಲಾಗುತ್ತದೆ

ಕ್ರಿ.ಪೂ. 200ರಲ್ಲಿ ರೋಮ್ ನಗರದ ಪ್ಲೆಬಿಯನ್ ಉತ್ಸವದಲ್ಲಿ ಪ್ಲಾಟಸ್‌ನ ‘ಸ್ಟಿಕಸ್’ ಎಂಬ ಹಾಸ್ಯನಾಟಕ ರಂಗಕ್ಕೆ ಬಂತು. ಅದರ ಕೊನೆಯ ದೃಶ್ಯದಲ್ಲಿ ಇಬ್ಬರು ಗುಲಾಮರು, ಯಜಮಾನನ ಒಪ್ಪಿಗೆಯ ಮೇರೆಗೆ ಒಂದು ದಿನದ ಬಿಡುವು ಪಡೆದು, ತಾವಿಬ್ಬರೂ ಪ್ರೀತಿಸುವ ಹೆಣ್ಣಿನ ಜೊತೆ ಕುಡಿಯುತ್ತ ಕುಣಿಯುತ್ತ ಇರುತ್ತಾರೆ. ಸಂತೋಷ ಏರಿದಂತೆ ಅವರಿಗೆ ಇಷ್ಟು ಹೊತ್ತೂ ತಮಗಾಗಿ ನುಡಿಸುತ್ತಿರುವ ವಾದ್ಯಗಾರನ ನೆನಪಾಗುತ್ತದೆ. ವಾದ್ಯವನ್ನು ಬಾಯಿಂದ ತೆಗೆದು ನೀನೂ ಒಂದಿಷ್ಟು ಕುಡಿ ಎಂದು ಅವನಿಗೆ ಬಟ್ಟಲು ಕೊಡುತ್ತಾರೆ. ಅವನು ಕುಡಿಯುತ್ತಿರುವ ಕೆಲವೇ ಸಾಲುಗಳ ಕಾಲ ನಾಟಕದ ಛಂದಸ್ಸು ತಟ್ಟನೆ ಬದಲಾಗುತ್ತದೆ. ಕುಡಿದು ಮುಗಿಯುತ್ತಲೇ ಅವರು, ಇನ್ನು ಕೆನ್ನೆ ಉಬ್ಬಿಸು, ಹಳೆಯ ಮದ್ಯಕ್ಕೆ ಪ್ರತಿಯಾಗಿ ಹೊಸ ಹಾಡೊಂದನ್ನು ಕೊಡು ಎಂದು ಕೇಳುತ್ತಾರೆ. ಮುಂದಿನ ಸಾಲಿನಿಂದ ಛಂದಸ್ಸು ಮತ್ತೆ ಬೇರೆಯಾಗುತ್ತದೆ.

ರೋಮನ್ ಹಾಸ್ಯನಾಟಕದ ಸಂಗೀತದ ಬಗ್ಗೆ ಇಂದು ತಿಳಿದಿರುವ ಸಂಗತಿಗಳಲ್ಲಿ ಬಹುಪಾಲು ಈ ಕೆಲವು ಸಾಲುಗಳಂಥ ಪುರಾವೆಗಳ ಮೇಲೆಯೇ ನಿಂತಿದೆ. ಆ ನಾಟಕಗಳ ರಾಗವಾಗಲಿ, ಸ್ವರಲಿಪಿಯಾಗಲಿ ಉಳಿದಿಲ್ಲ. ಉಳಿದಿರುವುದು ಪದ್ಯದ ಸಾಲುಗಳು ಮಾತ್ರ. ಪ್ಲಾಟಸ್‌ನವು ಇಪ್ಪತ್ತು ನಾಟಕಗಳು, ಟೆರೆನ್ಸ್‌ನವು ಆರು. ಆದರೆ ಆ ಸಾಲುಗಳ ಛಂದಸ್ಸನ್ನು ಗಮನವಿಟ್ಟು ನೋಡಿದರೆ ವಾದ್ಯ ಎಲ್ಲಿ ನುಡಿಯುತ್ತಿತ್ತು, ಎಲ್ಲಿ ಮೌನವಾಗಿತ್ತು, ಹಾಡಿನ ಓಟ ಎಲ್ಲಿ ಬದಲಾಗುತ್ತಿತ್ತು ಎಂಬುದನ್ನು ಸಾಲುಸಾಲಾಗಿ ಗುರುತಿಸಬಹುದು. ಈ ನಾಟಕಗಳನ್ನು ಗದ್ಯಾನುವಾದದಲ್ಲಿ ಓದಿ, ಮಾತಿನ ಚಕಮಕಿಯ ಪ್ರಹಸನಗಳೆಂದಷ್ಟೇ ತಿಳಿದವರು ಅವುಗಳ ಅರ್ಧ ಭಾಗವನ್ನು ಮಾತ್ರ ಕಂಡಂತೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ವಾದ್ಯದ ವಿಚಾರ. ಅದರ ಹೆಸರು ಟಿಬಿಯಾ, ನುಡಿಸುವವನು ಟಿಬಿಕೆನ್. ಇದು ಕೊಳಲಿನ ಜಾತಿಯದಲ್ಲ. ನಾಗಸ್ವರ, ಶಹನಾಯಿಗಳಂತೆ ಜೀವಾಳಿಯ ಮೂಲಕ ಊದುವ ವಾದ್ಯ. ಎರಡು ಕೊಳವೆಗಳನ್ನು ಒಂದೇ ಬಾರಿಗೆ ಬಾಯಲ್ಲಿಟ್ಟುಕೊಂಡು, ಎಡಗೈಯಿಂದ ಒಂದನ್ನು, ಬಲಗೈಯಿಂದ ಇನ್ನೊಂದನ್ನು ನುಡಿಸುತ್ತಿದ್ದರು. ದನಿ ತೀಕ್ಷ್ಣವಾಗಿದ್ದುದರಿಂದ ಬಯಲಿನಲ್ಲಿ, ಜನರ ಗದ್ದಲದ ನಡುವೆ ಅದೊಂದೇ ಸಾಕಾಗುತ್ತಿತ್ತು. ಟೆರೆನ್ಸ್‌ನ ನಾಟಕಗಳ ಹಸ್ತಪ್ರತಿಗಳ ಆರಂಭದಲ್ಲಿ ಪ್ರದರ್ಶನದ ವಿವರಗಳನ್ನು ಕೊಡುವ ಪುಟ್ಟ ಟಿಪ್ಪಣಿಗಳಿವೆ. ಯಾವ ಉತ್ಸವ, ಯಾರು ಅಧಿಕಾರಿಗಳು, ಯಾರ ತಂಡ ಎಂಬುದರ ಜೊತೆಗೆ ಸಂಗೀತ ಯಾರದು, ಟಿಬಿಯಾ ಯಾವ ಬಗೆಯದು ಎಂಬುದನ್ನೂ ಅಲ್ಲಿ ಬರೆದಿದ್ದಾರೆ. ‘ಫಾರ್ಮಿಯೋ’ಗೆ ಅಸಮ ಕೊಳವೆಗಳು, ‘ಹೆಕಿರಾ’ಗೆ ಸಮ ಕೊಳವೆಗಳು, ‘ಅಡೆಲ್ಫಿ’ಗೆ ಟೈರ್ ನಗರದ ಹೆಸರಿನ ಕೊಳವೆಗಳು. ಸಂಗೀತ ರಚಿಸಿದವನ ಹೆಸರು ಫ್ಲಾಕಸ್. ಅವನು ಕ್ಲಾಡಿಯಸ್ ಎಂಬವನ ಗುಲಾಮ. ‘ಸ್ಟಿಕಸ್’ಗೆ ಸಂಗೀತ ಕೊಟ್ಟ ಮಾರ್ಕಿಪೋರ್ ಕೂಡ ಒಪ್ಪಿಯಸ್‌ನ ಗುಲಾಮನೇ. ಎರಡು ಸಾವಿರ ವರ್ಷ ಕಳೆದರೂ ಈ ಇಬ್ಬರ ಹೆಸರು ಕವಿಗಳ ಹೆಸರಿನ ಪಕ್ಕದಲ್ಲೇ ಉಳಿದಿರುವುದು, ಸಂಗೀತವನ್ನು ರೋಮನ್ನರು ನಾಟಕದ ಅಲಂಕಾರವೆಂದು ಬಗೆಯದೆ ಅದರ ಅಂಗವೆಂದೇ ಎಣಿಸಿದ್ದಕ್ಕೆ ಸಾಕ್ಷಿ.

ಇನ್ನು ಛಂದಸ್ಸಿನ ವಿಚಾರ. ಇಲ್ಲಿ ಕನ್ನಡ ಓದುಗರಿಗೆ ಒಂದು ಅನುಕೂಲವಿದೆ. ಲ್ಯಾಟಿನ್ ಪದ್ಯವೂ ನಮ್ಮ ಪದ್ಯದಂತೆ ಲಘು ಗುರುಗಳ ಲೆಕ್ಕದ ಮೇಲೆ ನಡೆಯುವುದರಿಂದ, ಇಂಗ್ಲಿಷ್ ಓದುಗರಿಗೆ ಉದ್ದುದ್ದ ವಿವರಿಸಬೇಕಾದುದನ್ನು ನಮ್ಮ ಗಣಗಳ ಹೆಸರಿನಲ್ಲೇ ಹೇಳಿಬಿಡಬಹುದು. ಪ್ಲಾಟಸ್ ಮತ್ತು ಟೆರೆನ್ಸ್ ಬಳಸುವ ಮುಖ್ಯ ಸಾಲುಗಳಲ್ಲಿ ಮೊದಲನೆಯದು ಸೆನೇರಿಯಸ್: ಲಘು-ಗುರು ಎಂಬ ನಡೆಯ ಆರು ಗಣಗಳ ಸಾಲು. ಸಹಜ ಮಾತಿಗೆ ಅತ್ಯಂತ ಹತ್ತಿರವಾದದ್ದು ಇದು. ಹಾಸ್ಯನಾಟಕದ ಸೆನೇರಿಯಸ್ ಸಾಲುಗಳು ಮಾತಿಗೆ ಎಷ್ಟು ಹತ್ತಿರವೆಂದರೆ ಅವುಗಳಲ್ಲಿ ಪದ್ಯದ ಲಯವೇ ಒಮ್ಮೊಮ್ಮೆ ತಿಳಿಯುವುದಿಲ್ಲ ಎಂದು ರೋಮನ್ ವಾಗ್ಮಿ ಸಿಸೆರೊ ಬರೆದಿದ್ದಾನೆ. ‘ಸ್ಟಿಕಸ್’ನಲ್ಲಿ ವಾದ್ಯಗಾರ ಕುಡಿಯುತ್ತಿರುವಾಗ ಬರುವ ಸಾಲುಗಳು ಇವೇ. ಎರಡನೆಯದು ಸೆಪ್ಟೆನೇರಿಯಸ್: ಗುರು-ಲಘು ನಡೆಯಲ್ಲಿ ಓಡುವ ಉದ್ದ ಸಾಲು. ಮೂರನೆಯ ಗುಂಪು ಗಣ ಬದಲಾಯಿಸುತ್ತ ಸಾಗುವ ಹಾಡುಗಳದು. ಅವುಗಳಲ್ಲಿ ಗುರು-ಲಘು-ಗುರು ಎಂಬ ನಮ್ಮ ರಗಣ, ಲಘು-ಗುರು-ಗುರು ಎಂಬ ಯಗಣ, ಲಘು-ಲಘು-ಗುರು ಎಂಬ ಸಗಣ ಮತ್ತೆ ಮತ್ತೆ ಬರುತ್ತವೆ.

ಇಂದು ವಿದ್ವಾಂಸರು ಒಪ್ಪುವ ಸೂತ್ರ ಸರಳವಾಗಿದೆ. ಸೆನೇರಿಯಸ್ ಇದ್ದಲ್ಲಿ ವಾದ್ಯವಿಲ್ಲ, ಬರೀ ಮಾತು. ಉಳಿದೆಲ್ಲ ಛಂದಸ್ಸುಗಳಲ್ಲಿ ಟಿಬಿಯಾ ನುಡಿಯುತ್ತಿರುತ್ತದೆ. ‘ಸ್ಟಿಕಸ್’ನ ದೃಶ್ಯ ಇದಕ್ಕೆ ಒಂದು ಆಧಾರ. ಇನ್ನೊಂದು ಆಧಾರ ಪ್ಲಾಟಸ್‌ನ ಕೆಲವು ಮಧ್ಯಯುಗದ ಹಸ್ತಪ್ರತಿಗಳಲ್ಲಿದೆ: ಅಲ್ಲಿ ದೃಶ್ಯಗಳ ತಲೆಬರಹದಲ್ಲಿ ಸೆನೇರಿಯಸ್ ದೃಶ್ಯಗಳಿಗೆ ‘ಡಿ.ವಿ.’ ಎಂಬ ಗುರುತು, ಇತರ ದೃಶ್ಯಗಳಿಗೆ ‘ಸಿ’ ಎಂಬ ಗುರುತು ಕಾಣಿಸುತ್ತದೆ. ಮೊದಲನೆಯದು ಸಂಭಾಷಣೆಯನ್ನು, ಎರಡನೆಯದು ಹಾಡಿಕೆಯನ್ನು ಸೂಚಿಸುತ್ತದೆ. ಈ ಸೂತ್ರದಂತೆ ಎಣಿಸಿದರೆ ಪ್ಲಾಟಸ್‌ನ ಒಟ್ಟು ಸಾಲುಗಳಲ್ಲಿ ಶೇ. 60ಕ್ಕಿಂತ ಹೆಚ್ಚು ವಾದ್ಯದ ಜೊತೆಗಿರುವಂಥವು. ಟೆರೆನ್ಸ್‌ನಲ್ಲಿ ಈ ಪಾಲು ಅರ್ಧದ ಆಸುಪಾಸಿನಲ್ಲಿದೆ. ಉದ್ದ ಸಾಲುಗಳನ್ನು ಪೂರ್ತಿ ರಾಗವಾಗಿ ಹಾಡುತ್ತಿದ್ದರೋ, ಇಲ್ಲವೇ ಮಾತಿಗೂ ಹಾಡಿಗೂ ನಡುವಿನ ಗಮಕದಂಥ ರೀತಿಯಲ್ಲಿ ಹೇಳುತ್ತಿದ್ದರೋ ಎಂಬ ಬಗ್ಗೆ ಚರ್ಚೆ ಇದೆ. ವಾದ್ಯ ಇತ್ತು ಎಂಬ ಬಗ್ಗೆ ಚರ್ಚೆಯಿಲ್ಲ.

ನಮ್ಮ ಯಕ್ಷಗಾನದಲ್ಲಿ ಪದ್ಯಕ್ಕೂ ಅರ್ಥಗಾರಿಕೆಗೂ ಇರುವ ಗಡಿಯನ್ನು ಬಲ್ಲವರಿಗೆ ಈ ವ್ಯವಸ್ಥೆ ಬೇಗ ಮನದಟ್ಟಾಗುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸವನ್ನು ಮರೆಯಬಾರದು. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಮಾತಾಡುತ್ತಾನೆ. ರೋಮನ್ ನಾಟಕದಲ್ಲಿ ಪಾತ್ರಧಾರಿಯೇ ಮಾತಿನಿಂದ ಹಾಡಿಗೆ, ಹಾಡಿನಿಂದ ಮಾತಿಗೆ ದಾಟುತ್ತಿದ್ದ. ಇತಿಹಾಸಕಾರ ಲಿವಿ ಬೇರೆ ಕಥೆ ಹೇಳುವುದುಂಟು. ಕ್ರಿ.ಪೂ. 240ರಲ್ಲಿ ರೋಮ್‌ನಲ್ಲಿ ಮೊದಲ ಲ್ಯಾಟಿನ್ ನಾಟಕ ಆಡಿಸಿದ ಲಿವಿಯಸ್ ಆಂಡ್ರೋನಿಕಸ್ ಮುಂದೊಮ್ಮೆ ತನ್ನ ದನಿ ಕೆಟ್ಟಾಗ ವಾದ್ಯಗಾರನ ಮುಂದೆ ಹುಡುಗನೊಬ್ಬನನ್ನು ಹಾಡಲು ನಿಲ್ಲಿಸಿ, ತಾನು ಅಭಿನಯವನ್ನಷ್ಟೇ ಮಾಡಿದನೆಂದೂ, ಅಂದಿನಿಂದ ನಟರಿಗೆ ಸಂಭಾಷಣೆ ಮಾತ್ರ ಉಳಿಯಿತೆಂದೂ ಅವನು ಬರೆಯುತ್ತಾನೆ. ಲಿವಿ ಬರೆದದ್ದು ಆ ಕಾಲಕ್ಕೆ ಎರಡು ಶತಮಾನಗಳ ನಂತರ. ಪ್ಲಾಟಸ್‌ನ ಪಠ್ಯ ಈ ಕಥೆಗೆ ಒಗ್ಗುವುದಿಲ್ಲ. ಒಂದೇ ಪಾತ್ರ ಒಂದೆರಡು ಸಾಲಿನೊಳಗೆ ಮಾತಿನಿಂದ ಹಾಡಿಗೆ ಜಾರಿ, ಎದುರಿನವನಿಗೆ ಉತ್ತರ ಕೊಟ್ಟು, ಮತ್ತೆ ಮಾತಿಗೆ ಬರುವ ಕಡೆಗಳಲ್ಲಿ ಬೇರೊಬ್ಬ ಹಾಡುಗಾರನನ್ನು ನಡುವೆ ತಂದು ನಿಲ್ಲಿಸಲು ಜಾಗವೇ ಇಲ್ಲ. ಹೀಗಾಗಿ ಹೆಚ್ಚಿನ ವಿದ್ವಾಂಸರು ಲಿವಿಯ ಮಾತನ್ನು ನಂಬುವುದಿಲ್ಲ.

ಈ ಸಂಗೀತ ಎಲ್ಲಿಂದ ಬಂತು ಎಂಬ ಪ್ರಶ್ನೆ ಇನ್ನೂ ಮುಖ್ಯವಾದದ್ದು. ಪ್ಲಾಟಸ್, ಟೆರೆನ್ಸ್ ಇಬ್ಬರೂ ತಮ್ಮ ಕಥೆಗಳನ್ನು ಮೆನಾಂಡರ್ ಮೊದಲಾದ ಗ್ರೀಕ್ ಕವಿಗಳಿಂದ ತೆಗೆದುಕೊಂಡರು. ಆ ಗ್ರೀಕ್ ನಾಟಕಗಳಲ್ಲಿ ಐದು ಅಂಕಗಳು. ಅಂಕಗಳ ನಡುವೆ ಮೇಳದವರು ಕಥೆಗೆ ಸಂಬಂಧವಿಲ್ಲದ ಹಾಡು ಕುಣಿತಗಳನ್ನು ಮಾಡುತ್ತಿದ್ದರು. ಅಂಕದ ಒಳಗೆ ಪಾತ್ರಗಳ ಮಾತು ಬಹುಪಾಲು ವಾದ್ಯವಿಲ್ಲದ ಛಂದಸ್ಸಿನಲ್ಲೇ ಸಾಗುತ್ತಿತ್ತು. ರೋಮನ್ನರು ಮೇಳವನ್ನು ತೆಗೆದುಹಾಕಿದರು, ಅಂಕಗಳ ವಿರಾಮವನ್ನೂ ತೆಗೆದರು. ಇಂದು ಪ್ಲಾಟಸ್‌ನ ಮುದ್ರಿತ ಪ್ರತಿಗಳಲ್ಲಿ ಕಾಣುವ ಅಂಕ ವಿಭಾಗ ಪುನರುಜ್ಜೀವನ ಕಾಲದ ಸಂಪಾದಕರು ಸೇರಿಸಿದ್ದು. ನಾಟಕ ತಡೆಯಿಲ್ಲದೆ ಓಡುತ್ತಿತ್ತು. ಅಂಕಗಳ ನಡುವೆ ಇದ್ದ ಸಂಗೀತ ಪಾತ್ರಗಳ ಬಾಯಿಗೇ ಬಂದು ಸೇರಿತು. ಕಥೆ ಗ್ರೀಕರದಾದರೂ ಹಾಡು ರೋಮನ್ನರದು.

ಈ ಬದಲಾವಣೆಯನ್ನು ಕಣ್ಣಾರೆ ತೋರಿಸುವ ಒಂದು ಪ್ರಸಂಗ ಕ್ರಿ.ಶ. 2ನೆಯ ಶತಮಾನದ ಲೇಖಕ ಆಲಸ್ ಗೆಲಿಯಸ್‌ನ ಬರವಣಿಗೆಯಲ್ಲಿದೆ. ಪ್ಲಾಟಸ್‌ಗೂ ಟೆರೆನ್ಸ್‌ಗೂ ನಡುವಿನ ಕಾಲದ ಕೆಸಿಲಿಯಸ್ ಎಂಬ ಕವಿಯ ನಾಟಕದ ತುಣುಕುಗಳನ್ನು ಅವನು ಮೆನಾಂಡರನ ಮೂಲದ ಪಕ್ಕದಲ್ಲಿಟ್ಟು ಹೋಲಿಸುತ್ತಾನೆ. ಶ್ರೀಮಂತ ಹೆಂಡತಿಯ ಹಠಕ್ಕೆ ಮಣಿದು ಚೆಲುವೆಯಾದ ದಾಸಿಯನ್ನು ಮನೆಯಿಂದ ಹೊರಹಾಕಬೇಕಾಗಿ ಬಂದ ಗಂಡನೊಬ್ಬನ ಗೋಳು ಅಲ್ಲಿಯ ವಿಷಯ. ಮೆನಾಂಡರನಲ್ಲಿ ಅದು ಅಳತೆ ಮೀರದ ಮಾತು. ಕೆಸಿಲಿಯಸ್ ಅದನ್ನೇ ಬಗೆಬಗೆಯ ಗಣಗಳ ಹಾಡಾಗಿ ಬರೆದಿದ್ದಾನೆ. ಗೆಲಿಯಸ್‌ಗೆ ಇದು ಹಿಡಿಸಲಿಲ್ಲ. ಮೂಲದ ಸರಳ ಸೌಂದರ್ಯವನ್ನು ಹಾಳುಮಾಡಿದ್ದಾನೆಂದು ದೂರುತ್ತಾನೆ. ಆದರೆ ಗೆಲಿಯಸ್ ಆ ನಾಟಕವನ್ನು ನೋಡಿದವನಲ್ಲ, ಗೆಳೆಯರ ಜೊತೆ ಕುಳಿತು ಓದಿದವನು. ಕೆಸಿಲಿಯಸ್ ಬರೆದದ್ದು ವಾದ್ಯದ ಜೊತೆ ಹಾಡಿ ಅಭಿನಯಿಸುವ ಪದ್ಯವನ್ನು. ರಾಗವನ್ನು ಕಳೆದು ಉಳಿದ ಪದಗಳನ್ನಷ್ಟೇ ತೂಗಿದ ತೀರ್ಪು ನ್ಯಾಯವಾದದ್ದೆಂದು ನನಗೆ ಅನ್ನಿಸುವುದಿಲ್ಲ. ಸಿಸೆರೊ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ: ಕೆಲವು ಹಾಡುಗಳು ವಾದ್ಯ ಜೊತೆಗೂಡದಿದ್ದರೆ ಬರೀ ಗದ್ಯದಂತೆಯೇ ಕೇಳಿಸುತ್ತವೆ ಎಂದು ಅವನು ಹೇಳಿದ್ದಾನೆ.

ಹಾಡು ನಾಟಕಕ್ಕೆ ಏನು ಕೊಡುತ್ತಿತ್ತು ಎಂಬುದನ್ನು ಒಂದೆರಡು ಕಡೆ ಹತ್ತಿರದಿಂದ ನೋಡೋಣ. ‘ಮೆನೆಕ್ಮಿ’ ಎಂಬ ಅವಳಿಗಳ ನಾಟಕದಲ್ಲಿ ಮಗಳು ಕರೆಸಿಕೊಂಡ ಮುದುಕ ತಂದೆಯೊಬ್ಬ ರಂಗಕ್ಕೆ ಬರುತ್ತಾನೆ. ವಯಸ್ಸು ಒಪ್ಪುವಷ್ಟು ಹೆಜ್ಜೆ ಹಾಕುತ್ತೇನೆ, ಬೇಗ ಹೋಗಬೇಕೆಂದಿದ್ದೇನೆ, ಆದರೆ ಅದು ಸುಲಭವಲ್ಲ, ಮೈ ಭಾರವಾಗಿದೆ, ಶಕ್ತಿ ಬಿಟ್ಟುಹೋಗಿದೆ ಎಂದು ಹಾಡಿಕೊಳ್ಳುತ್ತಾನೆ. ಸಾಲಿಗೆ ನಾಲ್ಕರಂತೆ ಯಗಣಗಳು: ಒಂದು ಲಘು, ಮೇಲೆ ಎರಡು ಗುರು, ಮತ್ತೆ ಒಂದು ಲಘು, ಎರಡು ಗುರು. ಎತ್ತಿದ ಕಾಲು ಎರಡು ಸಲ ಭಾರವಾಗಿ ಊರಿದಂತೆ ಆ ನಡೆ. ನಟನ ಹೆಜ್ಜೆ, ಟಿಬಿಯಾದ ಲಯ, ಪದಗಳ ಅರ್ಥ ಮೂರೂ ಒಂದೇ ಮುದಿತನವನ್ನು ತೋರಿಸುತ್ತವೆ. ಅವನು ಬಾಗಿಲ ಬಳಿ ಮಗಳನ್ನು ಕಂಡು ಮಾತಿಗೆ ತೊಡಗುತ್ತಲೇ ಛಂದಸ್ಸು ಸೆಪ್ಟೆನೇರಿಯಸ್‌ಗೆ ತಿರುಗುತ್ತದೆ, ಕಥೆ ಓಡತೊಡಗುತ್ತದೆ. ಇದೇ ಯಗಣವನ್ನು ಪ್ಲಾಟಸ್ ‘ಆಂಫಿಟ್ರುವೋ’ದಲ್ಲಿ ಅಲ್ಕ್‌ಮೆನಾಳ ಬಾಯಲ್ಲೂ ಇಡುತ್ತಾನೆ. ಗಂಡ ಯುದ್ಧಕ್ಕೆ ಹೊರಟುಹೋದನೆಂದು ಕೊರಗುತ್ತ, ಬಾಳಿನಲ್ಲಿ ಸುಖ ಎಷ್ಟು ಕಡಿಮೆ ಎಂದು ಅವಳು ಹಾಡುವಾಗ ಅದೇ ಗಣ ಮುದುಕನ ನಡಿಗೆಯ ಭಾರವನ್ನು ಬಿಟ್ಟು ದುಃಖದ ಗಾಂಭೀರ್ಯವನ್ನು ಹೊರುತ್ತದೆ. ಆದ್ದರಿಂದ ಇಂಥ ಗಣಕ್ಕೆ ಇಂಥದೇ ಭಾವ ಎಂದು ಪಟ್ಟಿಮಾಡುವುದು ತಪ್ಪಾಗುತ್ತದೆ. ಸನ್ನಿವೇಶ ಗಣಕ್ಕೆ ಬಣ್ಣ ಕೊಡುತ್ತಿತ್ತು.

‘ಕಸಿನಾ’ದಲ್ಲಿ ವಾದ್ಯಗಾರ ಕಥೆಯ ಒಳಗೇ ಬಂದುಬಿಡುತ್ತಾನೆ. ಮುದುಕ ಯಜಮಾನನೂ ಅವನ ಹೊಲದ ಮೇಲ್ವಿಚಾರಕ ಒಲಿಂಪಿಯೋನೂ ಮದುವಣಗಿತ್ತಿ ಹೊರಬರುವುದನ್ನು ಕಾಯುತ್ತಿರುವಾಗ ಒಲಿಂಪಿಯೋ ಟಿಬಿಕೆನ್‌ಗೆ, ವಧುವನ್ನು ಕರೆತರುವಷ್ಟರಲ್ಲಿ ಈ ಬೀದಿಯನ್ನೆಲ್ಲ ಮದುವೆಯ ಹಾಡಿನಿಂದ ತುಂಬಿಸು ಎಂದು ಹೇಳುತ್ತಾನೆ. ವಾದ್ಯ ನಿಜವಾಗಿಯೂ ಮಂಗಳಧ್ವನಿಯಾಗುತ್ತದೆ, ಇಬ್ಬರೂ ಮದುವೆಯ ದೇವತೆಯನ್ನು ಕೂಗುತ್ತ ಹಾಡುತ್ತಾರೆ. ಆದರೆ ಒಳಗಿನಿಂದ ಹೊರಬರುವ ವಧು ಹೆಣ್ಣಲ್ಲ. ಯಜಮಾನಿ ವೇಷ ಹಾಕಿಸಿ ಕಳಿಸಿದ ಗಂಡು ಗುಲಾಮ. ಪ್ರೇಕ್ಷಕರಿಗೆ ಇದು ಮೊದಲೇ ಗೊತ್ತು. ಮದುವೆಯ ಸಂಗೀತ ಎಷ್ಟು ಶಾಸ್ತ್ರೋಕ್ತವಾಗಿ ಮೊಳಗುತ್ತದೋ ಮೋಸ ಅಷ್ಟು ಕಳೆಗಟ್ಟುತ್ತದೆ.

ವಾದ್ಯದ ಮೌನವೂ ಅಷ್ಟೇ ಲೆಕ್ಕಾಚಾರದ್ದು. ಹಾಡು ನಡೆಯುತ್ತಿರುವಾಗ ಯಾರಾದರೂ ಪತ್ರ ಒಡೆದು ಓದಬೇಕಾಗಿ ಬಂದರೆ ಪ್ಲಾಟಸ್ ಸಾಮಾನ್ಯವಾಗಿ ಸೆನೇರಿಯಸ್‌ಗೆ ಬರುತ್ತಾನೆ; ಟಿಬಿಯಾ ನಿಲ್ಲುತ್ತದೆ, ಪತ್ರದ ಒಕ್ಕಣೆ ಪ್ರತಿಯೊಬ್ಬರ ಕಿವಿಗೂ ಸ್ಪಷ್ಟವಾಗಿ ಮುಟ್ಟುತ್ತದೆ. ಕಥೆಯ ಹಿನ್ನೆಲೆ ತಿಳಿಸುವ ಪ್ರಸ್ತಾವನೆಗಳೂ ಸಾಮಾನ್ಯವಾಗಿ ಸೆನೇರಿಯಸ್‌ನಲ್ಲೇ ಇರುತ್ತವೆ. ಮಾಹಿತಿ ಕೊಡುವಾಗ ಮಾತು, ಭಾವ ಉಕ್ಕಿದಾಗ ಬಗೆಬಗೆಯ ಗಣಗಳ ಹಾಡು, ಆಮೇಲೆ ಕಥೆಯನ್ನು ಮುಂದೂಡಲು ಸೆಪ್ಟೆನೇರಿಯಸ್‌ನ ಓಟ: ಪ್ಲಾಟಸ್‌ನಲ್ಲಿ ಈ ಮೂರರ ಆವರ್ತ ಮತ್ತೆ ಮತ್ತೆ ಬರುತ್ತದೆ. ಅಂಕಗಳಿಲ್ಲದ ನಾಟಕಕ್ಕೆ ನಿಜವಾದ ಒಳವಿಭಾಗ ಇದೇ. ವಾದ್ಯ ನಿಂತೊಡನೆ ಹೊಸ ಆವರ್ತ ಮೊದಲಾಗುತ್ತಿದೆ ಎಂದು ಪ್ರೇಕ್ಷಕ ಕಿವಿಯಿಂದಲೇ ಅರಿಯುತ್ತಿದ್ದ. ಕೊನೆಗೊಳ್ಳುವಾಗ ಮಾತ್ರ ನಾಟಕ ಬಹುಮಟ್ಟಿಗೆ ಸಂಗೀತದ ಜೊತೆಯಲ್ಲೇ ಮುಗಿಯುತ್ತಿತ್ತು.

ಕ್ರಿ.ಪೂ. 191ರಲ್ಲಿ ಪ್ಯಾಲಟೈನ್ ಬೆಟ್ಟದ ಮೇಲೆ ಮಹಾಮಾತೆಯ ದೇವಾಲಯದ ಪ್ರತಿಷ್ಠೆಯಾದಾಗ ಆಡಿದ ‘ಸ್ಯೂಡೊಲಸ್’ನಲ್ಲಿ ಈ ಕಲೆ ಪಕ್ವವಾಗಿದೆ. ಯಜಮಾನನ ಮಗನಿಗೆ ಅವನ ಪ್ರೇಯಸಿಯನ್ನು ದೊರಕಿಸಿಕೊಡುತ್ತೇನೆಂದು ಮಾತು ಕೊಟ್ಟ ಗುಲಾಮ ಸ್ಯೂಡೊಲಸ್, ಇನ್ನೂ ಯಾವ ಉಪಾಯವೂ ಹೊಳೆಯದೆ, ಸ್ವಲ್ಪ ಹೊತ್ತು ಒಳಗೆ ಹೋಗಿ ಯೋಚಿಸಿ ಬರುತ್ತೇನೆ, ಅಷ್ಟರವರೆಗೆ ಟಿಬಿಕೆನ್ ನಿಮ್ಮನ್ನು ರಂಜಿಸುತ್ತಾನೆ ಎಂದು ನೇರವಾಗಿ ಪ್ರೇಕ್ಷಕರಿಗೆ ಹೇಳಿ ಹೋಗುತ್ತಾನೆ. ರಂಗ ಬರಿದಾಗಿ ವಾದ್ಯವೊಂದೇ ನುಡಿಯುವ ಈ ಘಳಿಗೆಯ ಉಲ್ಲೇಖ ಉಳಿದ ನಾಟಕಗಳಲ್ಲಿ ಬೇರೆಲ್ಲೂ ಇಷ್ಟು ಸ್ಪಷ್ಟವಾಗಿಲ್ಲ. ಅವನು ಮರಳಿ ಬರುವುದು ಹಾಡುತ್ತಲೇ, ಗೆದ್ದವನ ಉತ್ಸಾಹದಲ್ಲಿ. ನಾಟಕದ ಕೊನೆಯಲ್ಲಿ ಕುಡಿದು ಹೊರಬಂದ ಅವನು ಔತಣದಲ್ಲಿ ತಾನು ಕುಣಿದ ಅಯೋನಿಯನ್ ಶೈಲಿಯ ಹೆಜ್ಜೆಗಳನ್ನು ವರ್ಣಿಸುತ್ತ, ಸುತ್ತು ಹಾಕುವಾಗ ಬಿದ್ದದ್ದನ್ನೂ ಹೇಳುತ್ತಾನೆ. ಈ ವರ್ಣನೆ ಮೈಯಲ್ಲಿ ಮಾಡಿ ತೋರಿಸಬೇಕಾದ ವರ್ಣನೆ. ಓದುವವನಿಗೆ ಅದರಲ್ಲಿ ಸಿಗುವುದು ಸ್ವಲ್ಪವೇ.

ಟೆರೆನ್ಸ್‌ನ ದಾರಿ ಬೇರೆ. ಕ್ರಿ.ಪೂ. 166ರಿಂದ 160ರವರೆಗೆ ಆಡಿದ ಅವನ ಆರು ನಾಟಕಗಳಲ್ಲಿ ಬಗೆಬಗೆಯ ಗಣಗಳ ಹಾಡು ಒಂದೆರಡು ಕಡೆ ಇಣುಕಿದರೆ ಹೆಚ್ಚು. ಇದನ್ನು ಕಂಡು ಅವನಿಗೆ ಸಂಗೀತದಲ್ಲಿ ಆಸಕ್ತಿಯಿರಲಿಲ್ಲ ಎಂದು ತೀರ್ಮಾನಿಸುವುದು ಅವಸರದ ಮಾತು. ಅವನು ಉದ್ದ ಸಾಲುಗಳ ನಡುವೆಯೇ, ಒಂದೇ ದೃಶ್ಯದೊಳಗೆ ಹಲವು ಸಲ, ನಡೆ ಬದಲಾಯಿಸುತ್ತಾನೆ. ‘ಅಡೆಲ್ಫಿ’ಯಲ್ಲಿ ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ಮಿಕಿಯೋ ಆರಂಭದಲ್ಲಿ ಆಡುವ ದೀರ್ಘ ಚಿಂತನೆ ಸೆನೇರಿಯಸ್‌ನಲ್ಲಿದೆ, ಅವನ ಕಟ್ಟುನಿಟ್ಟಿನ ಅಣ್ಣ ಡೆಮಿಯಾ ಕೊನೆಯ ಭಾಗದಲ್ಲಿ ತನ್ನ ಬದುಕಿನ ರೀತಿಯನ್ನೇ ಬದಲಿಸುತ್ತೇನೆಂದು ನಿರ್ಧರಿಸುವ ಸ್ವಗತ ಸೆಪ್ಟೆನೇರಿಯಸ್‌ನಲ್ಲಿ, ವಾದ್ಯದ ಜೊತೆಗಿದೆ. ಒಬ್ಬನ ಸಿದ್ಧಾಂತ ಮಾತಿನಲ್ಲಿ ಬಂದರೆ ಇನ್ನೊಬ್ಬನ ಪರಿವರ್ತನೆ ಸಂಗೀತದಲ್ಲಿ ಬರುತ್ತದೆ.

ಇದನ್ನೆಲ್ಲ ಗ್ರಹಿಸುವಷ್ಟು ಕಿವಿ ಆ ಪ್ರೇಕ್ಷಕರಿಗೆ ಇತ್ತೇ? ಈ ನಾಟಕಗಳು ಉತ್ಸವಕ್ಕೆಂದು ಕಟ್ಟಿ ಆಮೇಲೆ ಬಿಚ್ಚುತ್ತಿದ್ದ ಮರದ ರಂಗದ ಮೇಲೆ ನಡೆಯುತ್ತಿದ್ದವು. ರೋಮ್‌ನಲ್ಲಿ ಮೊದಲ ಶಾಶ್ವತ ಕಲ್ಲಿನ ರಂಗಮಂದಿರ ಸೇನಾನಿ ಪಾಂಪೆ ಕಟ್ಟಿಸಿದ್ದು, ಅದೂ ಕ್ರಿ.ಪೂ. 55ರಲ್ಲಿ. ಟೆರೆನ್ಸ್‌ನ ‘ಹೆಕಿರಾ’ ಎರಡು ಸಲ ನಿಂತುಹೋಗಿ, ಹಗ್ಗದ ಮೇಲೆ ನಡೆಯುವವರೂ ಕಾದಾಟದವರೂ ಜನರನ್ನು ಸೆಳೆದುಕೊಂಡದ್ದು ಪ್ರಸಿದ್ಧ. ಇದರಿಂದ ರೋಮನ್ ಪ್ರೇಕ್ಷಕರು ಒರಟರೆಂಬ ಮಾತು ಬೆಳೆದಿದೆ. ಆದರೆ ಸಿಸೆರೊ ಕೊಡುವ ಸಾಕ್ಷ್ಯ ಬೇರೆಯೇ. ನಟನೊಬ್ಬ ಒಂದು ಅಕ್ಷರವನ್ನು ಗುರುವಿರುವಲ್ಲಿ ಲಘುವಾಗಿ ನುಡಿದರೆ ಛಂದಶ್ಶಾಸ್ತ್ರ ಓದದ ಜನಸಮೂಹವೇ ಒಟ್ಟಾಗಿ ಕೂಗೆಬ್ಬಿಸುತ್ತದೆ ಎಂದು ಅವನು ಬರೆದಿದ್ದಾನೆ. ದುರಂತ ನಾಟಕಗಳ ವಿಷಯದಲ್ಲಿ, ಟಿಬಿಕೆನ್ ಮೊದಲ ಉಸಿರು ಊದುತ್ತಲೇ ಬಲ್ಲವರು ಇದು ‘ಆಂಟಿಯೋಪಾ’, ಇದು ‘ಆಂಡ್ರೊಮಾಕಾ’ ಎಂದು ಗುರುತಿಸುತ್ತಿದ್ದರಂತೆ. ಸಿಸೆರೊನ ಗೆಳೆಯ, ‘ಸ್ಯೂಡೊಲಸ್’ನ ದುಷ್ಟ ಬಾಲಿಯೋ ಪಾತ್ರಕ್ಕೆ ಹೆಸರಾದ ನಟ ರೋಸಿಯಸ್, ತನಗೆ ವಯಸ್ಸಾದಂತೆ ಟಿಬಿಕೆನ್‌ನ ಲಯವನ್ನು ನಿಧಾನ ಮಾಡಿಸಿಕೊಂಡು ಹಾಡನ್ನು ಸಡಿಲಿಸಿಕೊಳ್ಳುತ್ತೇನೆ ಎಂದು ಹೇಳುತ್ತಿದ್ದ. ಲಯ ಕಲ್ಲಿನಲ್ಲಿ ಕೆತ್ತಿದ್ದಾಗಿರದೆ, ನಟನ ಉಸಿರಿಗೆ ವಾದ್ಯಗಾರ ಹೊಂದಿಕೊಳ್ಳುತ್ತಿದ್ದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ರಾಗ ಕಳೆದುಹೋದ ಮೇಲೆ ಛಂದಸ್ಸೂ ಕಳೆದುಹೋಗುವ ಅಪಾಯವಿತ್ತು. ಟೆರೆನ್ಸ್‌ನ ಎಷ್ಟೋ ಮಧ್ಯಯುಗದ ಪ್ರತಿಗಳಲ್ಲಿ ಪದ್ಯವನ್ನು ಗದ್ಯದಂತೆ ಒಂದರ ಹಿಂದೆ ಒಂದು ಬರೆದುಕೊಂಡು ಹೋಗಿದ್ದಾರೆ. ಪ್ಲಾಟಸ್‌ನ ಹಾಡುಗಳನ್ನು ಬಿಡಿಸಿಕೊಳ್ಳಲು ಮಿಲಾನಿನ ಅಂಬ್ರೋಸಿಯನ್ ಗ್ರಂಥಾಲಯದ ಒಂದು ಹಸ್ತಪ್ರತಿ ನೆರವಾಯಿತು. ಪ್ರಾಚೀನ ಕಾಲದ ಕೊನೆಯಲ್ಲಿ ಬರೆದ ಆ ಚರ್ಮದ ಹಾಳೆಗಳನ್ನು ಮುಂದೆ ಯಾರೋ ಅಳಿಸಿ ಅವುಗಳ ಮೇಲೆ ಬೈಬಲ್‌ನ ಭಾಗವೊಂದನ್ನು ಬರೆದಿದ್ದರು. 1815ರಲ್ಲಿ ಆಂಜೆಲೊ ಮಾಯಿ ಕೆಳಗಿನ ಬರಹ ಪ್ಲಾಟಸ್‌ನದೆಂದು ಕಂಡುಕೊಂಡರು. ಆ ಪ್ರತಿಯ ಲಿಪಿಕಾರ ಹಾಡುಗಳ ಸಾಲುಗಳನ್ನು ಛಂದಸ್ಸಿಗೆ ತಕ್ಕಂತೆ ಒಡೆದು, ಕೆಲವನ್ನು ಒಳಕ್ಕೆ ಸರಿಸಿ, ಕೆಲವನ್ನು ಹೊರಕ್ಕೆ ತಂದು ಬರೆದಿದ್ದ. ಮಾಸಿದ ಅಕ್ಷರಗಳ ಆ ಹಾಳೆಗಳನ್ನು ವಿಲ್ಹೆಲ್ಮ್ ಸ್ಟುಡೆಮುಂಡ್ ವರ್ಷಗಟ್ಟಲೆ ಕುಳಿತು ನಕಲು ಮಾಡಿದರು. ಆ ಕೆಲಸದಲ್ಲಿ ಅವರ ಕಣ್ಣೇ ಹಾಳಾಯಿತು. ಅವರ ನಕಲು 1889ರಲ್ಲಿ ಅಚ್ಚಾಯಿತು. ಇಂದು ಪ್ಲಾಟಸ್‌ನ ಸಂಪಾದಿತ ಪ್ರತಿಗಳಲ್ಲಿ ಹಾಡಿನ ಸಾಲು ಎಲ್ಲಿ ಮುರಿಯಬೇಕು ಎಂಬ ನಿರ್ಧಾರಗಳಲ್ಲಿ ಅನೇಕವು ಆ ಲಿಪಿಕಾರ ಬಿಟ್ಟ ಅಂಚುಗಳ ಅಳತೆಯನ್ನು ಅವಲಂಬಿಸಿವೆ.